ಸಂಘದ ಲಕ್ಕಿ ಡ್ರಾಗೆ ಅನುಮತಿ ಯಾರ ಹತ್ತಿರ ಕೇಳಬೇಕು?

ಮಾನ್ಯ ಸಂಪಾದಕರೇ,

ಶಾಲೆಯ ಕಟ್ಟಡಕ್ಕೆ, ಯುವಕ ಸಂಘದ ವಾರ್ಷಿಕೋತ್ಸವಕ್ಕೆ, ಕಬಡ್ಡಿ ಟೂರ್ನಿಗೆ, ಯಾರದೋ ಮಗುವಿನ ಆಪರೇಷನ್ನಿಗೆ ಅಂತ ಲಕ್ಕಿ ಡ್ರಾ ಕೂಪನ್ ಮಾರದ ಊರು ನಮ್ಮ ರಾಜ್ಯದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಮೊದಲ ಬಹುಮಾನ ಸ್ಕೂಟರ್, ಎರಡನೆಯದು ಫ್ರಿಜ್, ಮೂರನೆಯದು ಟಿವಿ, ಕೊನೆಗೆ ಒಂದಷ್ಟು ಸಮಾಧಾನಕರ ಬಹುಮಾನ. ಕೂಪನ್ ಹಿಂದೆ ಸಣ್ಣ ಅಕ್ಷರದಲ್ಲಿ 'ಸಂಘದ ಸೀಲ್ ಇಲ್ಲದ ಕೂಪನ್ ಅಸಿಂಧು', 'ಸಮಿತಿಯ ತೀರ್ಮಾನವೇ ಅಂತಿಮ'. ಇಷ್ಟೆಲ್ಲ ಅಚ್ಚು ಹಾಕಿಸುವವರು ಈ ಡ್ರಾ ನಡೆಸಲು ಅನುಮತಿ ಕೊಟ್ಟವರು ಯಾರು ಅನ್ನುವ ಒಂದು ಸಾಲನ್ನು ಮಾತ್ರ ಹಾಕುವುದಿಲ್ಲ. ಹಾಕುವುದಾದರೂ ಹೇಗೆ, ಅನುಮತಿ ತೆಗೆದುಕೊಂಡಿದ್ದರೆ ತಾನೇ?

ನಾನು ಕೆಲವು ಸಣ್ಣ ಸಂಘ, ಟ್ರಸ್ಟ್‌ಗಳ ಲೆಕ್ಕ ಬರೆಯುವವನು. ಮಾರ್ಚ್ ಕಳೆದ ಮೇಲೆ ರಸೀದಿ ಪುಸ್ತಕಗಳ ಚೀಲದ ಜೊತೆ ರಬ್ಬರ್ ಬ್ಯಾಂಡ್ ಹಾಕಿದ ಕೂಪನ್ ಪುಸ್ತಕಗಳ ಕಟ್ಟೂ ಬರುತ್ತದೆ. "ಸಾರ್, ಇದನ್ನ ದೇಣಿಗೆ ಅಂತ ಹಾಕಿಬಿಡಿ" ಅನ್ನುತ್ತಾರೆ. ಹಾಗೆ ಹಾಕಲು ಬರುವುದಿಲ್ಲ ಅಂದರೆ ಅವರಿಗೆ ಬೇಜಾರು. ಎಲ್ಲರೂ ಮಾಡುತ್ತಾರಲ್ಲ, ನಮಗೆ ಮಾತ್ರ ಯಾಕೆ ಈ ರೂಲ್ಸು ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದವರು ನಾನಲ್ಲ, ಸರ್ಕಾರ. ಹಾಗಾಗಿ ಈ ಪತ್ರ.

ಮೊದಲು ಕಾನೂನು ಏನಿದೆ ಅಂತ ನೇರವಾಗಿ ಹೇಳಿಬಿಡುತ್ತೇನೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 297ನೇ ಕಲಂ ಅಂತ ಒಂದಿದೆ. ಸರ್ಕಾರಿ ಲಾಟರಿ ಅಥವಾ ರಾಜ್ಯ ಸರ್ಕಾರ ಅನುಮತಿ ಕೊಟ್ಟ ಲಾಟರಿ ಬಿಟ್ಟು ಬೇರೆ ಯಾವುದೇ ಲಾಟರಿಯ ಡ್ರಾಗೆ ಕಚೇರಿ ಅಥವಾ ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಂಥ ಲಾಟರಿಯಲ್ಲಿ ಇಂಥ ನಂಬರ್ ಬಂದರೆ ದುಡ್ಡು ಕೊಡುತ್ತೇವೆ, ವಸ್ತು ಕೊಡುತ್ತೇವೆ ಅಂತ ಪ್ರಕಟಿಸಿದವರಿಗೆ 5,000 ರೂಪಾಯಿವರೆಗೆ ದಂಡ. ಇದು ಹೊಸದಾಗಿ ಹುಟ್ಟಿದ್ದೇನಲ್ಲ. ಹಳೆಯ ದಂಡ ಸಂಹಿತೆಯಲ್ಲಿ 294ಎ ಅಂತ ಇದ್ದದ್ದೇ ಇದು, ಬ್ರಿಟಿಷರು 1870ರಲ್ಲಿ ಸೇರಿಸಿದ್ದು. ಆಗ ಪ್ರಕಟಣೆಯ ದಂಡ 1,000 ರೂಪಾಯಿ ಇತ್ತು, ಈಗ ಐದು ಪಟ್ಟಾಗಿದೆ, ಅಷ್ಟೇ ವ್ಯತ್ಯಾಸ.

'ಪ್ರಕಟಿಸಿದವರು' ಅಂದಾಗ ಸಂಘದ ಕಾರ್ಯದರ್ಶಿಯನ್ನು ಮಾತ್ರ ನೆನೆಸಿಕೊಳ್ಳಬೇಡಿ ಸಂಪಾದಕರೇ. ಕಲಂ ಓದಿದರೆ ಅದು ಪತ್ರಿಕೆಯವರನ್ನು ಬಿಟ್ಟಿದೆ ಅಂತ ಎಲ್ಲೂ ಇಲ್ಲ. ಸ್ಥಳೀಯ ಸುದ್ದಿಯ ಪುಟದಲ್ಲಿ 'ಸಹಾಯಾರ್ಥ ಅದೃಷ್ಟ ಕೂಪನ್, ಬಂಪರ್ ಬಹುಮಾನ ಕಾರು' ಅಂತ ಜಾಹೀರಾತು ತೆಗೆದುಕೊಳ್ಳುವಾಗ ನಿಮ್ಮ ಜಾಹೀರಾತು ವಿಭಾಗದವರು ಅನುಮತಿ ಪತ್ರ ಕೇಳುತ್ತಾರಾ? ಸುಮ್ನೆ ಕೇಳಿದೆ.

ಇನ್ನು ಲಾಟರಿ ಅಂದರೆ ಯಾವುದು ಅನ್ನುವುದು. ನಮ್ಮದು ಲಾಟರಿ ಅಲ್ಲ ಸಾರ್, ಲಕ್ಕಿ ಡ್ರಾ ಅನ್ನುವವರು ಜಾಸ್ತಿ. 1998ರ ಲಾಟರಿ ನಿಯಂತ್ರಣ ಕಾಯ್ದೆ ಈ ತಕರಾರಿಗೆ ಅವತ್ತೇ ಉತ್ತರ ಕೊಟ್ಟಿದೆ. ಯಾವುದೇ ರೂಪದಲ್ಲಿರಲಿ, ಯಾವುದೇ ಹೆಸರಿನಲ್ಲಿರಲಿ, ಟಿಕೆಟ್ ಕೊಂಡವರಿಗೆ ಚೀಟಿ ಎತ್ತಿ, ಅದೃಷ್ಟದ ಮೇಲೆ ಬಹುಮಾನ ಹಂಚುವ ಯೋಜನೆ ಲಾಟರಿಯೇ. ಅಂದರೆ ಮೂರು ಸಂಗತಿ ನೋಡಿದರೆ ಸಾಕು. ಜನ ದುಡ್ಡು ಕೊಟ್ಟರಾ? ಬಹುಮಾನ ಇದೆಯಾ? ಯಾರಿಗೆ ಸಿಗುತ್ತದೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದಾ? ಮೂರಕ್ಕೂ ಹೌದು ಅಂತಾದರೆ ಮುಗಿಯಿತು. ದುಡ್ಡು ಅನಾಥಾಶ್ರಮಕ್ಕೆ ಹೋಗುತ್ತದೋ ಅಧ್ಯಕ್ಷರ ಜೇಬಿಗೆ ಹೋಗುತ್ತದೋ ಅನ್ನುವ ಪ್ರಶ್ನೆಯೇ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ.

ಕೆಲವರು ಜಾಣತನ ಮಾಡುತ್ತಾರೆ. 'ದೇಣಿಗೆ ರಸೀದಿ' ಅಂತ ಅಚ್ಚು ಹಾಕಿಸಿ, ಕೆಳಗೆ 'ದೇಣಿಗೆ ನೀಡಿದವರಿಗೆ ಅದೃಷ್ಟ ಚೀಟಿ ಉಚಿತ' ಅಂತ ಸೇರಿಸುತ್ತಾರೆ. ದೇಣಿಗೆ ಕೊಡದವನಿಗೆ ಆ ಉಚಿತ ಚೀಟಿ ಸಿಗುತ್ತದಾ? ಸಿಗದಿದ್ದರೆ ಅದು ಉಚಿತ ಹೇಗಾಯಿತು? ಬಾಗಿಲಲ್ಲಿ ಬಂದವರಿಗೆಲ್ಲ, ಒಂದು ಪೈಸೆ ಕೇಳದೆ ನಂಬರ್ ಚೀಟಿ ಕೊಟ್ಟು ಕೊನೆಯಲ್ಲಿ ಒಂದನ್ನು ಎತ್ತಿದರೆ ಮಾತು ಬೇರೆ, ಅಲ್ಲಿ ದುಡ್ಡು ಕೊಟ್ಟು ಅವಕಾಶ ಕೊಂಡವರು ಯಾರೂ ಇಲ್ಲ. ಮೊದಲನೆಯದನ್ನು ಎರಡನೆಯದರ ಹಾಗೆ ತೋರಿಸುವುದು ಕೋರ್ಟಿನಲ್ಲಿ ನಿಲ್ಲುವ ವಾದ ಅಂತ ನನಗನ್ನಿಸುವುದಿಲ್ಲ.

ಕರ್ನಾಟಕದಲ್ಲಂತೂ 2007ರಿಂದ ಲಾಟರಿ ಮಾರಾಟವೇ ಬಂದ್. ಪಕ್ಕದ ಕೇರಳ 1967ರಿಂದಲೂ ಸರ್ಕಾರಿ ಲಾಟರಿ ನಡೆಸುತ್ತಿದೆ, ಕಾರುಣ್ಯ ಅನ್ನುವ ಲಾಟರಿಯ ದುಡ್ಡಿನಿಂದ ಬಡ ರೋಗಿಗಳ ಚಿಕಿತ್ಸೆಗೂ ನೆರವು ಕೊಟ್ಟಿದೆ. ಆದರೆ ಅದೇ ಕೇರಳದಲ್ಲಿ ಸಾಲ ತೀರಿಸಲು ತಮ್ಮ ಮನೆಯನ್ನೇ ಬಹುಮಾನ ಮಾಡಿ ಕೂಪನ್ ಮಾರಲು ಹೊರಟವರಿಗೆ ಲಾಟರಿ ಇಲಾಖೆ ಅಡ್ಡ ಬಂತು. ಸರ್ಕಾರ ಮಾಡಿದರೆ ಸರಿ, ಖಾಸಗಿಯವರು ಮಾಡಿದರೆ ತಪ್ಪು ಅನ್ನುವ ಗೆರೆ ಅಲ್ಲೂ ಇದೆ. ಈ ಗೆರೆ ಸಂವಿಧಾನದಲ್ಲೇ ಇದೆ ಅನ್ನಿ. ಸರ್ಕಾರಗಳು ನಡೆಸುವ ಲಾಟರಿ ಕೇಂದ್ರದ ಪಟ್ಟಿಯ 40ನೇ ನಮೂದು, ಉಳಿದ ಜೂಜು, ಬಾಜಿ ಎಲ್ಲ ರಾಜ್ಯ ಪಟ್ಟಿಯ 34ನೇ ನಮೂದು. ಜೂಜನ್ನು ವ್ಯಾಪಾರ ಅಂತ ಒಪ್ಪುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1957ರ ಚಾಮರ್‌ಬಾಗ್‌ವಾಲಾ ತೀರ್ಪಿನಲ್ಲೇ ಹೇಳಿತ್ತು. 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸರ್ಕಾರವೇ ನಡೆಸಿದರೂ ಲಾಟರಿಯ ಜೂಜಿನ ಗುಣ ಹೋಗುವುದಿಲ್ಲ ಅಂದಿತು.

ಹಾಗಾದರೆ ಊರೂರಲ್ಲಿ ನಡೆಯುತ್ತಿರುವುದು ಏನು? ನಿಜ ಹೇಳಬೇಕೆಂದರೆ, ಯಾರೂ ದೂರು ಕೊಡುವವರೆಗೆ ನಡೆಯುವ ವ್ಯವಹಾರ. ಡ್ರಾ ದಿನ ವೇದಿಕೆ ಮೇಲೆ ಜನಪ್ರತಿನಿಧಿಗಳೇ ಕೂತಿರುತ್ತಾರೆ, ಪೊಲೀಸರು ಬಂದೋಬಸ್ತಿಗೆ ನಿಂತಿರುತ್ತಾರೆ. ಊರಿನ ಇನ್ನೊಂದು ಗುಂಪಿಗೆ ಈ ಸಂಘದ ಮೇಲೆ ಸಿಟ್ಟು ಬಂದಾಗ, ಚುನಾವಣೆ ಹತ್ತಿರ ಬಂದಾಗ, ಆಗ 297 ನೆನಪಾಗುತ್ತದೆ. ನನ್ನ ದೊಡ್ಡ ತಕರಾರು ಇದೇ. ಕಾನೂನು ಕಠಿಣವಾಗಿರಲಿ, ಸಡಿಲವಾಗಿರಲಿ, ಎಲ್ಲರಿಗೂ ಒಂದೇ ಇರಬೇಕಲ್ವಾ? ಈಗ ಆಗುತ್ತಿರುವುದು ಏನೆಂದರೆ ಕಾನೂನು ಓದಿದ ಒಳ್ಳೆಯ ಕಾರ್ಯದರ್ಶಿ ಹೆದರಿ ಬಿಟ್ಟುಬಿಡುತ್ತಾನೆ, ಓದದವನು ನಿಶ್ಚಿಂತೆಯಿಂದ ಮಾಡುತ್ತಾನೆ, ಓದಿಯೂ ಮೋಸ ಮಾಡಲೆಂದೇ ಬಂದವನು ಎಲ್ಲರಿಗಿಂತ ದೊಡ್ಡ ಬ್ಯಾನರ್ ಕಟ್ಟುತ್ತಾನೆ.

ಆ ಡ್ರಾ ಹೇಗೆ ನಡೆಯುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಬೇಕು. ಐವತ್ತು ಕೂಪನ್‌ಗಳ ಒಂದೊಂದು ಪುಸ್ತಕ. ಮಾರುವವರಿಗೆ ಪುಸ್ತಕ ಕೊಡುವಾಗ ಯಾರ ಸಹಿಯೂ ಇಲ್ಲ, 'ಅಣ್ಣಾ, ನಂಗೆ ಎರಡು ಕೊಡು' ಅಂದರೆ ಎರಡು. ಪುಸ್ತಕ ಪೂರ್ತಿ ಮಾರಿದರೆ ಒಂದು ಕೂಪನ್ ಫ್ರೀ, ಅಂದರೆ ಅದು ಒಂಥರಾ ಕಮಿಷನ್. ಡ್ರಾ ಹಿಂದಿನ ರಾತ್ರಿ ಅರ್ಧ ಮಾರಿದ ಪುಸ್ತಕಗಳು, ಪೂರ್ತಿ ಮಾರಿದ ಪುಸ್ತಕಗಳು, ಮುಟ್ಟದ ಪುಸ್ತಕಗಳು ಎಲ್ಲ ಒಟ್ಟಿಗೆ ಒಂದು ಮೇಜಿನ ಮೇಲೆ ಬೀಳುತ್ತವೆ. ಹುಡುಗರು ಕೂತು ಕೌಂಟರ್‌ಫಾಯಿಲ್ ಹರಿದು ಮಡಚಿ ಡ್ರಮ್ಮಿಗೆ ಹಾಕುತ್ತಾರೆ. ಮಾರಾಟವಾಗದ ನಂಬರ್‌ಗಳೂ ಡ್ರಮ್ಮಿಗೆ ಹೋದವಾ ಅಂತ ಯಾರು ನೋಡಿದರು? ಹೋಗಿದ್ದರೆ, ಸ್ಕೂಟರ್ ಬಂದದ್ದು ಮಾರಾಟವಾಗದ ನಂಬರಿಗೆ ಆದರೆ, ಅದು ಸಂಘದಲ್ಲೇ ಉಳಿಯುತ್ತದೆ. ಹೆಸರು, ಫೋನ್ ನಂಬರ್ ಬರೆಯದ ಕೌಂಟರ್‌ಫಾಯಿಲ್ ಬಂದರೂ ಅಷ್ಟೇ. 'ಒಂದು ತಿಂಗಳಲ್ಲಿ ಬಹುಮಾನ ಪಡೆಯದಿದ್ದರೆ ಸಂಘಕ್ಕೆ ಸೇರುತ್ತದೆ' ಅಂತ ಹಿಂದೆ ಅಚ್ಚಾಗಿದೆಯಲ್ಲ! ನಾನು ಲೆಕ್ಕ ನೋಡುವಾಗ ಕೇಳುವ ಮೊದಲ ಪ್ರಶ್ನೆ ಎಷ್ಟು ಪುಸ್ತಕ ಅಚ್ಚಾಯಿತು ಅಂತ. ಪ್ರಿಂಟಿಂಗ್ ಪ್ರೆಸ್ ಬಿಲ್ ತೆಗೆಸಿ ನೋಡಿದರೆ ಅಲ್ಲಿರುವ ಪುಸ್ತಕಗಳ ಸಂಖ್ಯೆಗೂ ಚೀಲದಲ್ಲಿ ಬಂದ ಪುಸ್ತಕಗಳ ಸಂಖ್ಯೆಗೂ ತಾಳೆಯಾಗುವುದು ಅಪರೂಪ.

ಇದರಲ್ಲಿ ಎಲ್ಲರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಮುಕ್ಕಾಲು ಪಾಲು ಬರೀ ಅಜಾಗರೂಕತೆ. ಆದರೆ ಗೆದ್ದವನಿಗೆ ಬಹುಮಾನ ಕೊಡದೆ ಸತಾಯಿಸಿದರೆ ಅವನು ಎಲ್ಲಿಗೆ ಹೋಗಬೇಕು? 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಊರ್ಜಿತವೇ ಅಲ್ಲ, ಅದರಲ್ಲಿ ಗೆದ್ದದ್ದನ್ನು ಕೊಡಿಸಿ ಅಂತ ದಾವೆ ಹೂಡಲು ಬರುವುದಿಲ್ಲ. ವಂಚನೆ ಅಂತ ಪೊಲೀಸ್ ಠಾಣೆಗೆ ಹೋಗಬಹುದು, ಹೋದರೆ ಸಂಘ ನಡೆಸಿದ್ದೇ ಅಕ್ರಮ ಡ್ರಾ ಅನ್ನುವುದೂ ಹೊರಬರುತ್ತದೆ, ಊರಿನವರ ಹಗೆಯೂ ಕಟ್ಟಿಕೊಳ್ಳಬೇಕಾಗುತ್ತದೆ. ಅನುಮತಿಯ ವ್ಯವಸ್ಥೆ ಇಲ್ಲದಿರುವುದರಿಂದ ಕೊಂಡವನಿಗೆ ರಕ್ಷಣೆಯೂ ಇಲ್ಲ.

ತಿಂಗಳ ಕಂತಿನ ಲಕ್ಕಿ ಸ್ಕೀಮುಗಳ ಕಥೆ ಇದಕ್ಕಿಂತ ಗಂಭೀರ. ಸದಸ್ಯರಿಂದ ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಂಡು, ತಿಂಗಳಿಗೊಮ್ಮೆ ಡ್ರಾ ಎತ್ತಿ, ಗೆದ್ದವರಿಗೆ ಬಹುಮಾನ ಕೊಟ್ಟು, ಉಳಿದವರಿಗೆ ಕೊನೆಯಲ್ಲಿ ದುಡ್ಡೋ ವಸ್ತುವೋ ವಾಪಸ್ ಕೊಡುತ್ತೇವೆ ಅನ್ನುವ ಯೋಜನೆಯನ್ನು 1978ರ ಪ್ರೈಜ್ ಚಿಟ್ ಮತ್ತು ಹಣ ಚಲಾವಣೆ ಯೋಜನೆ ನಿಷೇಧ ಕಾಯ್ದೆ ಪೂರ್ತಿ ನಿಷೇಧಿಸಿದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು. ನೋಂದಣಿಯಾದ ಚೀಟಿ ಫಂಡ್ ಬೇರೆ, ಅದಕ್ಕೆ 1982ರ ಕಾಯ್ದೆ ಇದೆ, ಎರಡನ್ನೂ ಕಲಸಬೇಡಿ. ಕುತೂಹಲದ ವಿಷಯ ಅಂದರೆ, ಈ ಕಠಿಣ ಕಾಯ್ದೆಯೇ ತನ್ನ 11ನೇ ಕಲಂನಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿದೆ. ರಾಜ್ಯ ಸರ್ಕಾರ ರಿಸರ್ವ್ ಬ್ಯಾಂಕ್ ಜೊತೆ ಸಮಾಲೋಚಿಸಿ ಅಧಿಸೂಚನೆ ಹೊರಡಿಸಿದ ಧರ್ಮಾರ್ಥ ಅಥವಾ ಶಿಕ್ಷಣ ಸಂಸ್ಥೆಗೆ ಇದು ಅನ್ವಯಿಸುವುದಿಲ್ಲ ಅಂತ. ನ್ಯಾಯ ಸಂಹಿತೆಯ 297ರಲ್ಲೂ 'ರಾಜ್ಯ ಸರ್ಕಾರ ಅನುಮತಿ ಕೊಟ್ಟ ಲಾಟರಿ' ಅನ್ನುವ ಮಾತಿದೆ. ಅಂದರೆ ಧರ್ಮಕಾರ್ಯಕ್ಕೆ ಒಂದು ದಾರಿ ಬೇಕು ಅನ್ನುವ ಯೋಚನೆ ಕಾನೂನು ಬರೆದವರಿಗೂ ಇತ್ತು. ಆದರೆ ಆ ಅನುಮತಿ ಕೇಳಲು ಯಾವ ಕಚೇರಿಗೆ ಹೋಗಬೇಕು ಅಂತ ವಿಚಾರಿಸಿದರೆ ಠಾಣೆಯವರು ತಾಲ್ಲೂಕು ಕಚೇರಿಗೆ ಹೋಗಿ ಅನ್ನುತ್ತಾರೆ, ತಾಲ್ಲೂಕು ಕಚೇರಿಯವರು ಡಿಸಿ ಕಚೇರಿಗೆ ಹೋಗಿ ಅನ್ನುತ್ತಾರೆ, ಅಲ್ಲಿ ಗುಮಾಸ್ತರು ಮೈಕ್ ಪರ್ಮಿಷನ್ನಾ ಅಂತ ಕೇಳುತ್ತಾರೆ.

ಈಗ ತೆರಿಗೆ. ಇದನ್ನಂತೂ ಯಾರೂ ನೋಡುವುದೇ ಇಲ್ಲ. ಲಾಟರಿಯಲ್ಲಿ ಗೆದ್ದದ್ದಕ್ಕೆ ಆದಾಯ ತೆರಿಗೆ ಶೇಕಡಾ 30, ಮೇಲೆ ಸೆಸ್. ಗೆದ್ದವನಿಗೆ ಬೇರೆ ಆದಾಯವೇ ಇಲ್ಲದಿದ್ದರೂ ಈ ತೆರಿಗೆ ತಪ್ಪುವುದಿಲ್ಲ, ಸಾಮಾನ್ಯ ಆದಾಯಕ್ಕೆ ಸಿಗುವ ವಿನಾಯಿತಿ ಮಿತಿ ಇದಕ್ಕಿಲ್ಲ. ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಬಹುಮಾನ ವಸ್ತುವಾದರೆ? ಒಂದು ಲಕ್ಷ ರೂಪಾಯಿಯ ಸ್ಕೂಟರ್ ಅಂತಿಟ್ಟುಕೊಳ್ಳಿ. ಸ್ಕೂಟರಿನಿಂದ ಒಂದು ಚಕ್ರ ಮುರಿದುಕೊಳ್ಳಲು ಆಗುವುದಿಲ್ಲವಲ್ಲ, ಹಾಗಾಗಿ 30,000 ರೂಪಾಯಿ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ಕೀ ಕೊಡಬೇಕು ಅನ್ನುತ್ತದೆ ಕಾನೂನು. ಕೂಲಿ ಕೆಲಸದ ಹೆಣ್ಣುಮಗಳೊಬ್ಬಳಿಗೆ ಸ್ಕೂಟರ್ ಬಂತು ಅಂತಿಟ್ಟುಕೊಳ್ಳಿ, ಅವಳು ಎಲ್ಲಿಂದ ತರಬೇಕು ಅಷ್ಟು ದುಡ್ಡು? ಸಂಘ ತೆರಿಗೆ ಮುರಿಯದೆ ಹಾಗೇ ಕೊಟ್ಟರೆ ಆ ಹೊಣೆ ಸಂಘದ ತಲೆಗೆ ಬರುತ್ತದೆ, ಜೊತೆಗೆ ಬಡ್ಡಿ, ದಂಡ. ತೆರಿಗೆ ಮುರಿಯಲು ಟ್ಯಾನ್ ನಂಬರ್ ಬೇಕು, ಅದು ಎಷ್ಟು ಸಣ್ಣ ಸಂಘಗಳ ಹತ್ತಿರ ಇದೆ? ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಲಾಟರಿ ಮೇಲಿನ ದರ ಶೇಕಡಾ 28ರಿಂದ 40ಕ್ಕೆ ಏರಿದೆ. ಸರ್ಕಾರದ ಕಣ್ಣಿನಲ್ಲಿ ಲಾಟರಿ ಯಾವ ಸಾಲಿನಲ್ಲಿ ನಿಂತಿದೆ ಅನ್ನಲು ಇಷ್ಟು ಸಾಕು.

ಕೂಪನ್ ಕೊಂಡವರು 80ಜಿ ರಸೀದಿ, ಅಂದರೆ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ರಸೀದಿ, ಕೇಳುವುದೂ ಉಂಟು. ಕೊಡಬಾರದು. ದೇಣಿಗೆ ಅಂದರೆ ಪ್ರತಿಯಾಗಿ ಏನೂ ಬಯಸದೆ ಕೊಟ್ಟದ್ದು. ಇಲ್ಲಿ ಸ್ಕೂಟರ್ ಸಿಗಬಹುದು ಅನ್ನುವ ಅವಕಾಶ ಕೊಂಡಿದ್ದಾರೆ. ಅಮೆರಿಕದ ತೆರಿಗೆ ಇಲಾಖೆಯದೂ ಇದೇ ಮಾತು, ಧರ್ಮಾರ್ಥ ರ‍್ಯಾಫಲ್ (ಅಲ್ಲಿನ ಲಕ್ಕಿ ಡ್ರಾ) ಟಿಕೆಟ್ ಕೊಂಡದ್ದಕ್ಕೆ ದೇಣಿಗೆಯ ವಿನಾಯಿತಿ ಅಲ್ಲೂ ಇಲ್ಲ. ನಿಜವಾದ ದೇಣಿಗೆ ಕೊಡುವವರು ಕೂಡ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ 80ಜಿ ಲಾಭ ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕ್ಯೂಆರ್ ಕೋಡ್ ಹಾಕಿ ಕೂಪನ್ ಮಾರುವ ಹೊಸ ಚಾಳಿಯೂ ಶುರುವಾಗಿದೆ. ಹಾಗೇ ಮುಂದುವರಿದು ದುಡ್ಡು ಕಟ್ಟಿಸಿ ಆ್ಯಪಿನಲ್ಲಿ ಚಕ್ರ ತಿರುಗಿಸುವ ಆಟಕ್ಕೆ ಕೈ ಹಾಕುವ ಮೊದಲು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಓದಿ. ದುಡ್ಡು ಹಾಕಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಶಾಲೆಗಳ ವಿಷಯದಲ್ಲಿ. ಶಾಲೆಯ ಹೆಸರು ಬೇಡ, ಒಂದಲ್ಲ ಹಲವು ಇವೆ. ಮಕ್ಕಳ ಕೈಗೆ ಒಂದೊಂದು ಕೂಪನ್ ಪುಸ್ತಕ ಕೊಟ್ಟು ಮಾರಿಕೊಂಡು ಬಾ ಅಂತ ಕಳಿಸುತ್ತಾರೆ. ಮಗು ಎಲ್ಲಿ ಮಾರುತ್ತದೆ? ಅಪ್ಪ ಅಮ್ಮನೇ ಕೊಳ್ಳಬೇಕು, ಇಲ್ಲವೇ ಅಕ್ಕಪಕ್ಕದ ಮನೆಯವರಿಗೆ ಮುಜುಗರ ಮಾಡಿ ಕೊಡಬೇಕು. ಪೂರ್ತಿ ಮಾರದ ಮಗುವನ್ನು ಪ್ರಾರ್ಥನೆ ವೇಳೆ ನಿಲ್ಲಿಸಿದ್ದನ್ನು ಒಬ್ಬ ತಾಯಿ ನನ್ನ ಹತ್ತಿರ ಹೇಳಿಕೊಂಡರು. ಸರ್ಕಾರವೇ ಜೂಜು ಅಂತ ಕರೆಯುವ ಒಂದು ವ್ಯವಹಾರದ ಏಜೆಂಟರನ್ನಾಗಿ ಹತ್ತು ವರ್ಷದ ಮಕ್ಕಳನ್ನು ಮಾಡುವುದು ಯಾವ ಶಿಕ್ಷಣ ಸ್ವಾಮಿ?

ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆ ಅಂತ ನೋಡಿದರೆ ನಮಗೂ ಒಂದು ದಾರಿ ಕಾಣುತ್ತದೆ. ಬ್ರಿಟನ್ನಿನಲ್ಲಿ 2005ರ ಜೂಜು ಕಾಯ್ದೆ ಪ್ರಕಾರ ಸಣ್ಣ ಸಂಘದ ಲಾಟರಿ ಅಂತಲೇ ಒಂದು ವರ್ಗ ಇದೆ. ಸಂಘ ಅಲ್ಲಿನ ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಬೇಕು. ಒಂದು ಡ್ರಾದಲ್ಲಿ 20,000 ಪೌಂಡ್, ವರ್ಷಕ್ಕೆ ಎರಡೂವರೆ ಲಕ್ಷ ಪೌಂಡ್ ದಾಟುವಂತಿಲ್ಲ. ಬಂದದ್ದರಲ್ಲಿ ಕನಿಷ್ಠ ಶೇಕಡಾ 20 ಆ ಒಳ್ಳೆಯ ಕೆಲಸಕ್ಕೇ ಹೋಗಬೇಕು. ಡ್ರಾ ಆದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. 16 ವರ್ಷ ತುಂಬದವರಿಗೆ ಟಿಕೆಟ್ ಮಾರುವಂತಿಲ್ಲ. ಒಂದು ಕಾರ್ಯಕ್ರಮದ ಒಳಗೇ ಮಾರಿ ಮುಗಿಸುವ ಸಣ್ಣ ಡ್ರಾಗೆ ನೋಂದಣಿಯೂ ಬೇಡ. ಅಮೆರಿಕದಲ್ಲಿ ರಾಜ್ಯಕ್ಕೊಂದು ಥರ. ಯೂಟಾ, ಹವಾಯಿಯಲ್ಲಿ ಧರ್ಮಕಾರ್ಯಕ್ಕೂ ಇಲ್ಲ, ಪೂರ್ತಿ ನಿಷೇಧ. ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಮಾಡಿಸಿ ನಡೆಸಬಹುದು, ಆದರೆ ಟಿಕೆಟ್ ಮಾರಿ ಬಂದ ದುಡ್ಡಿನಲ್ಲಿ ಶೇಕಡಾ 90 ಧರ್ಮಕಾರ್ಯಕ್ಕೇ ಹೋಗಬೇಕು, ಅಂದರೆ ಬಹುಮಾನಗಳನ್ನು ಯಾರಾದರೂ ದಾನ ಕೊಡಲೇಬೇಕಾಗುತ್ತದೆ. ನನಗೆ ಈ ಕ್ಯಾಲಿಫೋರ್ನಿಯಾ ರೀತಿ ಇಷ್ಟ. ನಮ್ಮಲ್ಲಿ ಸ್ಕೂಟರ್, ಫ್ರಿಜ್, ಟಿವಿ, ಅಚ್ಚು, ಬ್ಯಾನರ್, ಶಾಮಿಯಾನ, ಡ್ರಾ ದಿನದ ಆರ್ಕೆಸ್ಟ್ರಾ ಎಲ್ಲ ಕಳೆದ ಮೇಲೆ ಶಾಲೆಯ ಕಟ್ಟಡಕ್ಕೆ ಉಳಿದದ್ದು ನಾಲ್ಕು ಮೂಟೆ ಸಿಮೆಂಟಿಗೂ ಸಾಲದ ಲೆಕ್ಕಗಳನ್ನು ನೋಡಿದ್ದೇನೆ.

ನಿಷೇಧವೇ ಇರಲಿ ಅನ್ನುವುದಾದರೆ ಅದೂ ಒಂದು ನಿಲುವು, ನಾನು ಜಗಳಕ್ಕೆ ಬರುವುದಿಲ್ಲ. ಹಾಗಾದರೆ ಎಲ್ಲರಿಗೂ ನಿಷೇಧ ಅಂತ ಪ್ರತಿ ಪಂಚಾಯಿತಿ ಕಚೇರಿ, ಪ್ರತಿ ಠಾಣೆ ಮುಂದೆ ಬೋರ್ಡ್ ಹಾಕಲಿ, ಶಾಸಕರೂ ಆ ವೇದಿಕೆ ಹತ್ತುವುದು ಬಿಡಲಿ. ಇಲ್ಲ, ಧರ್ಮಕಾರ್ಯಕ್ಕೆ ಸ್ವಲ್ಪ ಅವಕಾಶ ಇರಲಿ ಅನ್ನುವುದಾದರೆ ಸರ್ಕಾರಕ್ಕೆ ಈಗಿರುವ ಅಧಿಕಾರ ಬಳಸಿ ಒಂದೆರಡು ಪುಟದ ನಿಯಮ ಮಾಡಲಿ. ನೋಂದಣಿಯಾಗಿ ಮೂರು ವರ್ಷವಾದರೂ ಆಗಿರುವ, ಪ್ರತಿ ವರ್ಷ ಆಡಿಟ್ ಆದ ಲೆಕ್ಕ ಸಲ್ಲಿಸಿದ ಸಂಘಕ್ಕೆ ಮಾತ್ರ ಅನುಮತಿ. ಹೋದ ವರ್ಷದ ಲೆಕ್ಕ ಕೊಡದವರ ಅರ್ಜಿ ಮುಟ್ಟಲೇಬಾರದು. ನಗದು ಬಹುಮಾನ ಬೇಡ. ಬಹುಮಾನದ ವಸ್ತು ಮೊದಲು ಕೈಗೆ ಬಂದು, ಅದರ ಬಿಲ್ಲೋ ದಾನಪತ್ರವೋ ತೋರಿಸಿದ ಮೇಲೆಯೇ ಕೂಪನ್ ಅಚ್ಚಿಗೆ ಹೋಗಬೇಕು, ಈಗಿನ ಹಾಗೆ ಕೂಪನ್ ಮಾರಿದ ದುಡ್ಡಿನಲ್ಲಿ ಸ್ಕೂಟರ್ ಕೊಳ್ಳುವ ಲೆಕ್ಕಾಚಾರದಲ್ಲೇ ಅರ್ಧ ಡ್ರಾಗಳು ಮುಂದೂಡಿಕೆಯಾಗುವುದು. ಪುಸ್ತಕಗಳ ನಂಬರ್ ಮೊದಲೇ ಕಚೇರಿಯಲ್ಲಿ ದಾಖಲಾಗಬೇಕು. ಮಾರಾಟವಾಗದವನ್ನು ಡ್ರಾಗೆ ಮುಂಚೆ ಎಲ್ಲರೆದುರು ಎಣಿಸಿ ರದ್ದು ಮಾಡಬೇಕು. ಮಾರುವವರಿಗೆ ಕಮಿಷನ್ ಇಲ್ಲ, ಮಕ್ಕಳ ಕೈಯಲ್ಲಿ ಪುಸ್ತಕ ಇಲ್ಲ. ಡ್ರಾ ಮುಂದೂಡಬೇಕಾದರೆ ಒಮ್ಮೆ ಮಾತ್ರ, ಅದೂ ಕಾರಣ ಬರೆದುಕೊಟ್ಟು. ಗೆದ್ದ ನಂಬರ್‌ಗಳು, ಬಂದ ದುಡ್ಡು, ಖರ್ಚು, ಉಳಿದದ್ದು ಎಷ್ಟು ಅನ್ನುವುದು ಒಂದು ತಿಂಗಳೊಳಗೆ ಸಂಘದ ಬಾಗಿಲಲ್ಲಿ ಅಂಟಬೇಕು.

ತೆರಿಗೆಯ ವಿಷಯ ರಾಜ್ಯದ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ 'ಬಹುಮಾನದ ಮೇಲಿನ ತೆರಿಗೆ ಗೆದ್ದವರದು' ಅಂತ ಕೂಪನ್ ಮುಂಭಾಗದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕು ಅಂತ ನಿಯಮ ಮಾಡಬಹುದಲ್ಲ.

ಅಲ್ಲಿಯವರೆಗೆ ಸಂಘದವರು ಏನು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ಕೂಪನ್ ಬಿಡಿ, ಸವಾಲು ಇಡಿ. ಯಾರಾದರೂ ದಾನ ಕೊಟ್ಟ ವಸ್ತುವನ್ನು ವೇದಿಕೆ ಮೇಲೆ ಹರಾಜು ಹಾಕಿದರೆ ಅಲ್ಲಿ ಅದೃಷ್ಟದ ಮಾತೇ ಇಲ್ಲ, ಜಾಸ್ತಿ ಕೂಗಿದವರಿಗೆ ವಸ್ತು, ದುಡ್ಡು ಸಂಘಕ್ಕೆ. ಒಂದು ತೆಂಗಿನಕಾಯಿಯನ್ನೋ ಒಂದು ಹಾರವನ್ನೋ ಸಾವಿರಾರು ರೂಪಾಯಿಗೆ ಸವಾಲಿನಲ್ಲಿ ಹಿಡಿಯುವ ಜನ ನಮ್ಮವರು, ಒಳ್ಳೆಯ ಕೆಲಸ ಅಂತ ಗೊತ್ತಾದರೆ ಹಿಂದೆ ಸರಿಯುವುದಿಲ್ಲ. ನಾಟಕಕ್ಕೋ ಸಂಗೀತಕ್ಕೋ ಟಿಕೆಟ್ ಇಡಿ. ಜನರನ್ನು ಸೇರಿಸಲು ಡ್ರಾ ಬೇಕೇ ಬೇಕು ಅಂದರೆ ಬಂದವರಿಗೆಲ್ಲ ಪುಕ್ಕಟೆ ನಂಬರ್ ಕೊಡಿ, ದೇಣಿಗೆ ಡಬ್ಬ ಬೇರೆ ಕಡೆ ಇಡಿ, ಡಬ್ಬಕ್ಕೆ ಹಾಕದವನಿಗೂ ನಂಬರ್ ಸಿಗಲಿ. ಒಂದು ಎಚ್ಚರ, ಯಾವುದಾದರೂ ಅಂಗಡಿಯವರು ತಮ್ಮ ಮಾಲು ಕೊಂಡವರಿಗೆ ಮಾತ್ರ ಚೀಟಿ ಕೊಡಿ ಅಂತ ಪ್ರಾಯೋಜಕತ್ವ ಕೊಡಲು ಬಂದರೆ ಒಪ್ಪಬೇಡಿ. ವ್ಯಾಪಾರ ಬೆಳೆಸಲು ಲಾಟರಿ ನಡೆಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತದೆ, ಅವರ ಜೊತೆ ನಿಮ್ಮ ಸಂಘದ ಹೆಸರೂ ಓಡಾಡುತ್ತದೆ.

ಇನ್ನು ನೋಂದಣಿಯೇ ಆಗದ 'ಗೆಳೆಯರ ಬಳಗ'ಗಳಿಗೆ ಒಂದು ಮಾತು. ಸಂಘ ನೋಂದಣಿಯಾಗಿದ್ದರೆ ಕನಿಷ್ಠ ಒಂದು ಬೈಲಾ, ಒಂದು ಬ್ಯಾಂಕ್ ಖಾತೆ, ಒಂದು ಕಮಿಟಿ ಅಂತ ಇರುತ್ತದೆ. ನಿಮ್ಮದಕ್ಕೆ ಅದೂ ಇಲ್ಲ. ದೂರು ಬಂದರೆ ಕೂಪನ್ ಮೇಲೆ ಯಾರ ಫೋನ್ ನಂಬರ್ ಅಚ್ಚಾಗಿದೆಯೋ ಅವರ ಮನೆಗೇ ಪೊಲೀಸರು ಬರುವುದು.

ಸಂಪಾದಕರೇ, ನಿಮ್ಮ ವರದಿಗಾರರು ಗೃಹ ಇಲಾಖೆಯವರನ್ನು ಮೂರು ಪ್ರಶ್ನೆ ಕೇಳಿ ಉತ್ತರ ಪ್ರಕಟಿಸಿದರೆ ಸಾವಿರಾರು ಸಂಘಗಳಿಗೆ ಉಪಕಾರವಾಗುತ್ತದೆ. 297ನೇ ಕಲಂನಲ್ಲಿ ಹೇಳಿದ ಅನುಮತಿಯನ್ನು ಸಂಘಗಳಿಗೆ ಕೊಡುವ ಅಧಿಕಾರಿ ಯಾರು? ಅರ್ಜಿ ಯಾವ ನಮೂನೆಯಲ್ಲಿರಬೇಕು? ಎಷ್ಟು ದಿನದಲ್ಲಿ ಹೌದು ಅಥವಾ ಇಲ್ಲ ಅಂತ ಹೇಳುತ್ತಾರೆ? ಉತ್ತರ 'ಅಂಥ ಅಧಿಕಾರಿಯೇ ಇಲ್ಲ' ಅಂತ ಬಂದರೂ ಪರವಾಗಿಲ್ಲ, ಅದನ್ನೂ ಅಚ್ಚು ಹಾಕಿ. ಮುಂದಿನ ಸಲ ಕೂಪನ್ ಕಟ್ಟು ಹಿಡಿದು ಬಂದವರಿಗೆ ತೋರಿಸಲು ನನಗೂ ಒಂದು ಕಾಗದ ಬೇಕು.

ಇಂತಿ,
ಸಂಘಗಳ ಲೆಕ್ಕ ಬರೆಯುವ ನಿಮ್ಮ ಓದುಗ